ಎಡಗೈಯ ಗಡಿಯಾರ

ಅಣ್ಣ ತಂಗಿ ಇಬ್ಬರೂ ಕತ್ತರಿಯಿಂದಲೇ ಹೊಟ್ಟೆ ಹೊರೆದವರು. ಅಣ್ಣ ಜನರ ಕೂದಲು ಕತ್ತರಿಸುತ್ತಿದ್ದ. ತಂಗಿ ಒಂದು ರೆಡಿಮೇಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಉದ್ದದ ಪ್ಯಾಂಟನ್ನು ಗಿಡ್ಡ ಮಾಡುತ್ತಿದ್ದಳು, ದೊಗಳೆ ಅಂಗಿಯನ್ನು ಬಿಗಿ ಮಾಡುತ್ತಿದ್ದಳು. ಅಪ್ಪ ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ, ಅವನಿಗೆ ಇಪ್ಪತ್ತೊಂದು. ಆವತ್ತಿನಿಂದ ಅವಳ ಜಡೆ ಹೆಣೆದವನೂ ಅವನೇ, ಹೆಣೆಯುವಾಗ ಅತ್ತರೆ ತಲೆಗೊಂದು ಮೊಟಕಿದವನೂ ಅವನೇ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಕೇಳಿ ಕೇಳಿ ಸುಸ್ತಾಗಿ ಸುಮ್ಮನಾದರು.

ಆ ಮನೆಯಲ್ಲಿ ಒಂದೇ ಒಂದು ಕಟ್ಟಳೆಯಿತ್ತು. ಅಣ್ಣನ ಕತ್ತರಿಯನ್ನು ತಂಗಿ ಮುಟ್ಟಕೂಡದು. ಕೂದಲಿನ ಕತ್ತರಿ ಒಮ್ಮೆ ಬಟ್ಟೆಯ ರುಚಿ ಕಂಡಿತೆಂದರೆ ಮತ್ತೆ ಕೂದಲಿಗೆ ಬರುವುದಿಲ್ಲ, ಕತ್ತರಿಸುವ ಬದಲು ಜಗಿಯುತ್ತದೆ ಎಂಬುದು ಅವನ ವಾದ. ಹನ್ನೊಂದರ ವಯಸ್ಸಿನಲ್ಲಿ ಗೊಂಬೆಗೆ ಲಂಗ ಹೊಲಿಯಲೆಂದು ಅವಳು ಅದನ್ನು ಕದ್ದು ತೆಗೆದಾಗ ಅವನು ಮೂರು ದಿನ ಮಾತು ಬಿಟ್ಟಿದ್ದ. ಆಮೇಲೆ ಹೊಸ ಕತ್ತರಿ ತಂದು, ಹಳೆಯದನ್ನು ಅವಳ ಮುಂದಿಟ್ಟು, "ತಗೋ, ಇದು ಇನ್ನು ನಿಂದೇ" ಅಂದಿದ್ದ. ಅವಳು ದರ್ಜಿಯಾದದ್ದು ಹಾಗೆ.

ಅವನ ಕೈಚಳಕದ ಬಗ್ಗೆ ಎರಡು ಮಾತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ. ಆದರೆ ಐವತ್ತೆರಡು ತುಂಬಿದ ವರ್ಷ, ಕುರ್ಚಿಯಲ್ಲಿ ಗಿರಾಕಿಯ ತಲೆ ಅರ್ಧ ಮುಗಿದಿದ್ದಾಗ, ಅವನ ಎಡಗೈಯಿಂದ ಬಾಚಣಿಗೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ಮರಳಿತ್ತು, ಕಾಲು ಕೋಲಿನ ಆಸರೆಗೆ ಒಪ್ಪಿಕೊಂಡಿತ್ತು. ಎಡಗೈ ಮಾತ್ರ ಯಾರದೋ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಬಲಗೈಯ ಕತ್ತರಿಗೆ ಎಡಗೈಯ ಬಾಚಣಿಗೆಯೇ ದಾರಿ ತೋರಬೇಕು. ಅದಿಲ್ಲದೆ ಕ್ಷೌರದಂಗಡಿಯ ಬಾಗಿಲು ತೆಗೆದು ಏನು ಮಾಡುವುದು?

ವ್ಯಾಯಾಮ ಹೇಳಿಕೊಡಲು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹೆಂಗಸು ಸುತ್ತಿಬಳಸಿ ಮಾತಾಡುವವಳಲ್ಲ. "ಬಲಗೈಯಿಂದ ಎಡಗೈ ಹಿಡ್ಕೊಂಡು ಎತ್ತಿ, ಆಡಿಸಿ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ನೂರು ಸಲ. ಅದು ತಾನಾಗೇ ಆಡಲಿ ಅಂತ ಮನಸ್ಸಲ್ಲೂ ತಳ್ತಾ ಇರಿ. ಬರೋದು ಬಹಳಮಟ್ಟಿಗೆ ಮೊದಲ ಆರು ತಿಂಗಳಲ್ಲಿ ಬರುತ್ತೆ. ಆಮೇಲೆ ಕಷ್ಟ," ಎಂದಳು.

ಅವನು ಮೂರು ಹೊತ್ತಿರಲಿ, ಒಂದು ಹೊತ್ತೂ ಮಾಡಲಿಲ್ಲ. ಮೊದಲೇ ಮೂಗಿನ ತುದಿಯಲ್ಲಿ ಕೋಪ. ಈಗ ಗೋಡೆಯ ಕಡೆ ಮುಖ ಮಾಡಿ ಮಲಗುವುದೇ ಕಸುಬಾಯಿತು. ತಂಗಿ ಬೇಡಿಕೊಂಡಳು, ಬೈದಳು, ಊಟ ಬಿಟ್ಟು ನೋಡಿದಳು. "ಸತ್ತ ಕೈಗೆ ಕಸರತ್ತು ಬೇರೆ ಕೇಡು," ಎಂದು ಅವನು ಮಗ್ಗುಲು ಬದಲಿಸಿದ.

ಹೀಗಿರುವಾಗ ಒಂದು ಸಂಜೆ ಅವಳು ಮನೆಯ ಗೋಡೆ ಗಡಿಯಾರದ ಸೆಲ್ ಬದಲಿಸಲು ಬಸ್ ನಿಲ್ದಾಣದ ಎದುರಿನ ವಾಚ್ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯೆಂದರೆ ಎರಡು ಗೋಡೆಗಳ ನಡುವಿನ ಸಂದು. ಒಂದು ಮೇಜು, ಒಂದು ದೀಪ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಅಜ್ಜ. ಅಜ್ಜ ಒಂದು ಕೈಗಡಿಯಾರವನ್ನು ಮೆಲ್ಲಗೆ ಅತ್ತಿತ್ತ ತೂಗುತ್ತಿದ್ದ.

"ಏನಜ್ಜಾ, ವಾಚಿಗೆ ಜೋಗುಳ ಹಾಡ್ತಿದ್ದೀರಾ?"

"ಇದು ಆಟೋಮ್ಯಾಟಿಕ್ಕಮ್ಮ. ಸೆಲ್ ಇಲ್ಲ. ಒಳಗೊಂದು ತೂಕದ ಬಿಲ್ಲೆ ಇದೆ. ಕಟ್ಕೊಂಡವರ ಕೈ ಆಡಿದ್ರೆ ಅದು ತಿರುಗುತ್ತೆ, ಸ್ಪ್ರಿಂಗ್ ಸುತ್ಕೊಳ್ಳುತ್ತೆ. ಕೈ ಸುಮ್ನಿದ್ರೆ ಒಂದೂವರೆ ದಿನಕ್ಕೆ ನಿಲ್ಲುತ್ತೆ. ಕೈ ಎಷ್ಟು ಆಡ್ತು ಅಂತ ಇದಕ್ಕೆ ಗೊತ್ತು."

ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಂಥದೊಂದು ತನಗೆ ಬೇಕು, ಕಿಸೆಗೆ ಭಾರವಾಗಬಾರದು ಎಂದಳು. ಗಡಿಯಾರದ ವಿಷಯದಲ್ಲಿ ಅವಳಿಗೆ ಅ ಆ ಇ ಈ ಗೊತ್ತಿರಲಿಲ್ಲ. ಅಜ್ಜ ಡ್ರಾಯರಿನಿಂದ ಐದಾರು ಹಳೆಯ ವಾಚು ತೆಗೆದಿಟ್ಟಾಗ ಅವಳ ಕೈ ನೇರ ಹೋದದ್ದು ಫಳಫಳ ಹೊಳೆಯುವ ನೀಲಿ ಮುಖದ್ದಕ್ಕೆ.

"ಅದು ಬೇಡ," ಅಂದ ಅಜ್ಜ. "ಹಳೇ ವಾಚಿಗೆ ಹೊಸ ಬಣ್ಣ ಬಳಿದಿದ್ದಾರೆ. ವಯಸ್ಸು ಮುಚ್ಚಿಡೋ ವಾಚನ್ನ ನಂಬಬಾರದು, ಒಳಗೆ ಇನ್ನೇನು ಮುಚ್ಚಿಟ್ಟಿದ್ಯೋ. ಇದು ನೋಡು. ಬಿಳಿ ಮುಖ ಸ್ವಲ್ಪ ಹಳದಿ ತಿರುಗಿದೆ, ಗಾಜಿಗೊಂದು ಗೀರಿದೆ. ಆದ್ರೆ ಕಿವಿ ಹತ್ರ ಹಿಡಿ."

ಅವಳು ಹಿಡಿದಳು. ಸಣ್ಣಗೆ, ತಡವರಿಸದೆ ಓಡುತ್ತಿತ್ತು. ಅದನ್ನೇ ಆರಿಸಿದಳು.

ಅಜ್ಜ ಬೆಲ್ಟಿಗೆ ಇನ್ನೊಂದು ತೂತು ಕೊರೆಯುತ್ತ ಪಾಠ ಹೇಳಿದ. ನೀರು ತಾಗಿಸಬಾರದು, ಸ್ನಾನಕ್ಕೆ ಮುಂಚೆ ಬಿಚ್ಚಿಡಬೇಕು. ರೇಡಿಯೋ ಸ್ಪೀಕರಿನ ಮೇಲೆ ಇಡಬಾರದು, ಅಯಸ್ಕಾಂತ ಹಿಡಿದರೆ ಕುದುರೆಯ ಹಾಗೆ ಓಡುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು. "ಮತ್ತೆ ಈ ಪಕ್ಕದ ಕೀ ಇದೆಯಲ್ಲ, ಪೂರ್ತಿ ನಿಂತುಹೋದಾಗ ಇಪ್ಪತ್ತು ಸುತ್ತು ಕೊಟ್ಟು ಎಬ್ಬಿಸೋಕೆ ಅಷ್ಟೇ. ದಿನಾ ತಿರುಗಿಸಬೇಡ. ಇದರಲ್ಲಿ ಆ ಕಡೆ ಚಕ್ರ ನಾಜೂಕು, ಸವೆದುಹೋಗುತ್ತೆ."

ಮನೆಗೆ ಬಂದು ಅವಳು ಅಣ್ಣನ ಎಡ ಮಣಿಕಟ್ಟಿಗೆ ವಾಚು ಕಟ್ಟಿದಳು. "ನಾನಿನ್ನು ಬಾಯಿ ಬಿಡಲ್ಲ. ಕೈ ಆಡಿಸಿದ್ರೆ ಇದು ಓಡುತ್ತೆ, ಇಲ್ಲದಿದ್ರೆ ನಿಲ್ಲುತ್ತೆ. ನೀನುಂಟು, ಅದುಂಟು."

ಮೂರನೆಯ ದಿನ ವಾಚು ನಿಂತಿತು. ಅವನು ಅದನ್ನು ಕೆಕ್ಕರಿಸಿ ನೋಡಿದ. ತಂಗಿ ಬೈದರೆ ತಿರುಗಿ ಬೈಯಬಹುದು, ನಿಂತ ಮುಳ್ಳಿಗೆ ಏನು ಹೇಳುವುದು? ಸಂಜೆ ಅವಳು ಕೆಲಸದಿಂದ ಬಂದಾಗ ಅವನು ಹಾಸಿಗೆಯ ಅಂಚಿನಲ್ಲಿ ಕೂತು, ಬಲಗೈಯಿಂದ ಎಡಗೈ ಹಿಡಿದು, ಹಲ್ಲು ಕಚ್ಚಿ ತೂಗುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ಅತ್ತಳು.

ಎರಡು ತಿಂಗಳು ವಾಚು ನಿಲ್ಲಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅವಳು ಬಿಚ್ಚುವಳು, ಮೆತ್ತಗಿನ ಬಟ್ಟೆಯಲ್ಲಿ ಬೆವರು ಒರೆಸುವಳು, ಆಮೇಲೆ ಕಟ್ಟುವಳು. ಒಂದು ದಿನ ಅವನ ಎಡ ಹೆಬ್ಬೆರಳು ತಾನಾಗಿಯೇ ಅಲುಗಿತು. ಫಿಸಿಯೋಥೆರಪಿಸ್ಟ್ ಅದನ್ನು ಎರಡು ಸಲ ನೋಡಿ, "ಇದನ್ನ ಬಿಡಬೇಡಿ," ಎಂದಳು. ಅಂದು ಅಣ್ಣ ಅಂಗಡಿಯ ಕುರ್ಚಿಗೆ ಹೊಸ ರೆಕ್ಸಿನ್ ಹಾಕಿಸುವ ಮಾತೆತ್ತಿದ.

ಆಮೇಲೆ ಅವನಿಗೆ ಜ್ವರ ಬಂತು. ನಾಲ್ಕು ದಿನ ಮೈಮೇಲೆ ಎಚ್ಚರವಿಲ್ಲ. ಐದನೆಯ ಬೆಳಿಗ್ಗೆ ಜ್ವರ ಇಳಿದು ಅವನು ನಿದ್ದೆಯಲ್ಲಿದ್ದಾಗ ಅವಳು ವಾಚು ನೋಡಿದಳು. ನಾಲ್ಕೂ ಹತ್ತಕ್ಕೆ ನಿಂತಿತ್ತು. ಈಗ ಎದ್ದು ಇದನ್ನು ಕಂಡರೆ ಮತ್ತೆ ಗೋಡೆಯ ಕಡೆ ತಿರುಗುತ್ತಾನೆ ಎಂದು ಹೆದರಿದಳು. ಕೀ ಹಿಡಿದು ಇಪ್ಪತ್ತು ಸುತ್ತು ಕೊಟ್ಟಳು, ಮುಳ್ಳು ಸರಿಪಡಿಸಿದಳು. ಇದೊಂದೇ ಸಲ ಅಂದುಕೊಂಡಳು. ಎಲ್ಲ ತಪ್ಪುಗಳೂ ಹಾಗೇ ಅಂದುಕೊಂಡು ತಾನೇ ಹೊಸ್ತಿಲು ದಾಟುವುದು.

ಅವನು ಎದ್ದ. ಕಣ್ಣು ಉಜ್ಜಿಕೊಂಡು ಮಣಿಕಟ್ಟು ನೋಡಿದ. ಮತ್ತೆ ನೋಡಿದ.

"ಓಡ್ತಿದೆ ಕಣೇ. ನಾಲ್ಕು ದಿನ ನಾನೇನೂ ಮಾಡಿಲ್ಲ. ಕೈ ನಿದ್ದೇಲಿ ತಾನೇ ಆಡ್ತಿದೆ."

ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ತಿಂಗಳುಗಟ್ಟಲೆ ಕಂಡಿರಲಿಲ್ಲ. ನಿಜ ಹೇಳಲು ಬಾಯಿ ತೆರೆದವಳು, "ಹೌದಣ್ಣ," ಎಂದಳು.

ಅಲ್ಲಿಗೆ ಅವಳು ಸಿಕ್ಕಿಬಿದ್ದಳು. ತಾನೇ ಆಡುವ ಕೈಗೆ ಒತ್ತಾಯವೇಕೆ ಎಂದು ಅವನು ನೂರನ್ನು ಐವತ್ತಕ್ಕೆ ಇಳಿಸಿದ, ಐವತ್ತನ್ನು ಇಪ್ಪತ್ತಕ್ಕೆ. ವಾಚು ಸೋಲತೊಡಗಿತು. ಅವನು ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿದ ಕೂಡಲೇ ಅವಳು ಕೀ ತಿರುಗಿಸುವಳು, ದಿನಾಲೂ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನೀರಿನ ಸದ್ದು ನಿಂತರೆ ಅವಳು ವಾಚನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಮೂರು ತಿಂಗಳು ಹೋಯಿತು. ಹೆಬ್ಬೆರಳು ಮತ್ತೆ ಅಲುಗಲಿಲ್ಲ. ಬರುವವರಿಗೆಲ್ಲ ಅವನು ವಾಚು ತೋರಿಸಿ, ಇನ್ನೇನು ಅಂಗಡಿ ತೆಗೆಯುತ್ತೇನೆ ಎನ್ನುತ್ತಿದ್ದ.

ಆರನೆಯ ತಿಂಗಳ ಕೊನೆಗೆ ಫಿಸಿಯೋಥೆರಪಿಸ್ಟ್ ಅವನ ಒಂದೊಂದು ಬೆರಳನ್ನೂ ಒತ್ತಿ, ಎಳೆದು, ಬಿಟ್ಟು ನೋಡಿದಳು. "ದಿನಾ ಮಾಡ್ತಿದ್ರಾ?"

"ವಾಚು ಒಂದು ದಿನಾನೂ ನಿಂತಿಲ್ಲ, ನೋಡಿ," ಎಂದು ಅವನು ಕೈಯನ್ನು ಬಲಗೈಯಿಂದ ಎತ್ತಿ ತೋರಿಸಿದ.

ಫಿಸಿಯೋಥೆರಪಿಸ್ಟ್ ವಾಚನ್ನು ನೋಡಲಿಲ್ಲ. ಇನ್ನು ಈ ಕೈಯಿಂದ ಹೆಚ್ಚು ನಿರೀಕ್ಷೆ ಬೇಡ ಎಂದು ಮೆಲ್ಲಗೆ ಹೇಳಿದಳು. ಬಾಗಿಲವರೆಗೂ ಹಿಂದೆ ಬಂದ ತಂಗಿ, "ಸರಿಯಾಗಿ ಮಾಡಿದ್ದಿದ್ರೆ ಬರ್ತಿತ್ತಾ?" ಎಂದು ಕೇಳಿದಳು. ಯಾವಾಗಲೂ ಖಂಡತುಂಡವಾಗಿ ಮಾತಾಡುವ ಹೆಂಗಸು ಅಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಳು. "ಬರಬಹುದಿತ್ತು. ಬರದೇನೂ ಇರಬಹುದಿತ್ತು."

ಅವನು ನಂಬಲಿಲ್ಲ. ವಾಚು ಓಡುತ್ತಿರುವಾಗ ಕೈ ಹೇಗೆ ಸತ್ತಿರುತ್ತದೆ? ಆದರೆ ಅದೇ ವಾರ ವಾಚು ನಿಂತೇ ಹೋಯಿತು. ಅವಳು ಕದ್ದು ಕೀ ತಿರುಗಿಸಿದರೂ ಅದು ಹಿಡಿಯದೆ ಜಾರುತ್ತಿತ್ತು. ರಿಪೇರಿಗೆ ತಾನೂ ಬರುತ್ತೇನೆಂದು ಅವನು ಕೋಲು ಹಿಡಿದು ಹೊರಟಾಗ ಬೇಡವೆನ್ನಲು ಅವಳ ಬಳಿ ನೆಪ ಉಳಿದಿರಲಿಲ್ಲ.

ಅಜ್ಜ ಹಿಂಬದಿಯ ಮುಚ್ಚಳ ಬಿಚ್ಚಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. "ಬಿಲ್ಲೆ ಕಡೆ ಎಲ್ಲ ಕೊಟ್ಟ ಹಾಗೇ ಇದೆ, ಸವೆದೇ ಇಲ್ಲ. ಕೀ ಕಡೆ ಚಕ್ರ ಮಾತ್ರ ಹಲ್ಲು ಉದುರಿದ ಮುದುಕನ ಬಾಯಿ. ದಿನಾ ಕೀ ಕೊಡಬೇಡ ಅಂತ ಅವತ್ತೇ ಹೇಳಿರಲಿಲ್ವೇನಮ್ಮ?"

ಅಣ್ಣ ಕತ್ತು ತಿರುಗಿಸಿ ತಂಗಿಯನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು.

ವಾಚು ಬಿಟ್ಟು ಇಬ್ಬರೂ ಮನೆಯ ದಾರಿ ಹಿಡಿದರು. ಬೈದರೆ ಸಾಕು, ಬೀದಿಯಲ್ಲೇ ಕೋಲೆತ್ತಿ ಹೊಡೆದರೂ ಸಾಕು ಎಂದು ಅವಳು ಕಾದಳು. ಅವನು ಬಾಯಿ ಬಿಟ್ಟದ್ದು ಮನೆಯ ಮೆಟ್ಟಿಲ ಹತ್ತಿರ.

"ಬಂದವರೆಲ್ಲ ಸರಿಹೋಗುತ್ತೆ, ಸರಿಹೋಗುತ್ತೆ ಅಂತಿದ್ರು. ನೀನೂ ಅಂತಿದ್ದೆ. ನಾನು ಯಾರನ್ನೂ ನಂಬಿರಲಿಲ್ಲ. ಆ ವಾಚು ಮಾತ್ರ ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ. ಅದಕ್ಕೂ ಕಲಿಸಿಬಿಟ್ಟೆಯಲ್ಲೇ."

"ನೀನು ಮತ್ತೆ ಗೋಡೆ ಕಡೆ ತಿರುಗಿ ಮಲಗ್ತೀಯ ಅಂತ ಹೆದರಿದೆ ಅಣ್ಣ."

"ಮಲಗ್ತಿದ್ದೆ. ಎರಡು ದಿನ ಮಲಗಿ ಏಳ್ತಿದ್ದೆ. ಮೊದಲನೇ ಸಲ ಎದ್ದಿರಲಿಲ್ವಾ?"

ಅವನು ಎದ್ದಿದ್ದ, ಅದು ಅವಳಿಗೆ ಗೊತ್ತಿತ್ತು. ಅವನ ಮೇಲಿನ ಪ್ರೀತಿಯಲ್ಲಿ ಅದನ್ನೇ ಮರೆತಿದ್ದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಹತ್ತು ದಿನ ಮನೆಯಲ್ಲಿ ಅಗತ್ಯಕ್ಕೆ ತಕ್ಕಷ್ಟೇ ಮಾತು. ಹನ್ನೊಂದನೆಯ ದಿನ ಅವಳು ರಿಪೇರಿಯಾದ ವಾಚು ತಂದು, ಅಭ್ಯಾಸದಿಂದ ಅವನ ಎಡಗೈಯನ್ನು ಮಡಿಲಿಗೆ ತೆಗೆದುಕೊಂಡಳು. ಅವನು ತಲೆಯಾಡಿಸಿ ಬಲಗೈ ಚಾಚಿದ.

"ಇದಕ್ಕೆ ಕಟ್ಟು."

ಅವಳಿಗೆ ಬೆಲ್ಟಿನ ತೂತೇ ಕಾಣಲಿಲ್ಲ. ಕಣ್ಣು ಒರೆಸಿಕೊಂಡು, ತಡವಿ ತಡವಿ, ಹೇಗೋ ಸಿಕ್ಕಿಸಿದಳು. ಅವನು ಆ ಕೈಯನ್ನು ನಾಲ್ಕು ಸಲ ಆಡಿಸಿ ಕಿವಿಗೆ ಹಿಡಿದುಕೊಂಡ. ಆಮೇಲೆ ಎದ್ದುಹೋಗಿ, ಚರ್ಮದ ಚೀಲದಲ್ಲಿ ಸುತ್ತಿಟ್ಟಿದ್ದ ತನ್ನ ಕತ್ತರಿಯನ್ನು ತಂದು ಅವಳ ಹೊಲಿಗೆ ಯಂತ್ರದ ಮೇಲಿಟ್ಟ.

"ತಗೋ, ಇದು ಇನ್ನು ನಿಂದೇ."

"ಅಣ್ಣ, ಬೇಡ. ಬಟ್ಟೆಗೆ ಹಾಕಿದ್ರೆ ಮತ್ತೆ ಕೂದಲಿಗೆ ಬರಲ್ಲ."

"ಗೊತ್ತು. ನನ್ನ ಎದುರಿಗೇ ಕತ್ತರಿಸು."

ಯಂತ್ರದ ಮೇಲೆ, ಅಂಗಡಿಯಿಂದ ಮನೆಗೆ ತಂದಿದ್ದ ಯಾರದೋ ಪ್ಯಾಂಟಿನ ಕಾಲು ಇತ್ತು, ನಾಲ್ಕು ಬೆರಳು ಗಿಡ್ಡ ಮಾಡಲು ಸೀಮೆಸುಣ್ಣದ ಗೀಟು ಹಾಕಿದ್ದಳು. ಅವಳು ಕತ್ತರಿ ಎತ್ತಿಕೊಂಡಳು. ಇಲ್ಲ ಎನ್ನಬಹುದಿತ್ತು, ನಾಳೆ ಎನ್ನಬಹುದಿತ್ತು. ಆದರೆ ಇನ್ನೊಂದು ಸಲ ಅವನಿಗೆ ಸುಳ್ಳು ಆಸೆ ಕೊಡುವ ಧೈರ್ಯ ಅವಳಿಗಿರಲಿಲ್ಲ. ಗೀಟಿನ ಗುಂಟ ಆ ತುದಿಯಿಂದ ಈ ತುದಿಯವರೆಗೆ ಕತ್ತರಿಸಿದಳು.

"ಹೇಗಿದೆ?" ಅಂದ ಅಣ್ಣ.

"ಚೆನ್ನಾಗಿ ಹೋಗ್ತಿದೆ," ಅಂದಳು. ಅದು ನಿಜವಾಗಿತ್ತು.