ಸಾಕಮ್ಮನ ಎರಡನೇ ಮಣೆ

ಊರು ಯಾವುದು ಎಂದು ಕೇಳಬೇಡಿ. ಹೆಸರು ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಪ್ರತಿ ಊರಿನವರೂ ಇದು ಪಕ್ಕದ ಊರಿನ ಕಥೆ ಎಂದುಕೊಂಡು ಸುಮ್ಮನಿರುತ್ತಾರೆ. ಆ ಊರಿನಲ್ಲಿ ಸಾಕಮ್ಮ ಎಂಬ ಹೆಂಗಸಿದ್ದಳು. ಮರ ಕಡೆದು ಬೊಂಬೆ, ಬುಗುರಿ, ಲಟ್ಟಣಿಗೆ ಮಾಡುವುದು ಅವಳ ಕಸುಬು. ಅವಳ ಮೇಲೆ ಯಜಮಾನನೂ ಇರಲಿಲ್ಲ, ಕೆಳಗೆ ಆಳೂ ಇರಲಿಲ್ಲ. ಒಂದು ವರ್ಷ ಅವಳಿಗೆ ಏನು ಹೊಳೆಯಿತೋ, ಕೂತು ಒಂದು ಯುದ್ಧದ ಆಟ ಕಟ್ಟಿದಳು.

ಒಂದು ಮಣೆ, ಅದರ ತುಂಬ ಚೌಕದ ಮನೆಗಳು, ಆಚೆಗೊಂದು ಬಾಗಿಲು, ಈಚೆಗೊಂದು ಬಾಗಿಲು, ಒಬ್ಬೊಬ್ಬರಿಗೆ ಆರಾರು ಕಾಯಿ. ಒಬ್ಬರು ನಡೆಸಿದ ಮೇಲೆ ಇನ್ನೊಬ್ಬರ ಸರದಿ. ಎದುರಿನವರ ಬಾಗಿಲನ್ನು ನಿಮ್ಮ ಒಂದು ಕಾಯಿ ಮುಟ್ಟಿದರೆ ನೀವು ಗೆದ್ದಿರಿ. ಇಷ್ಟೇ ಆಗಿದ್ದರೆ ಅದೇನು ಮಹಾ ಆಟವಲ್ಲ. ಆದರೆ ಸಾಕಮ್ಮ ಅದಕ್ಕೊಂದು ಕಟ್ಟಳೆ ಸೇರಿಸಿದ್ದಳು. ಆಡುವವರು ತಮ್ಮ ಪ್ರತಿ ಕಾಯಿಗೂ ಒಂದು ಹೆಸರಿಡಬೇಕು. ಕಾಯಿಯನ್ನು ಹೊಡೆಯುವವನು ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿ "ಇಂಥವರು ಬಿದ್ದರು" ಎನ್ನಬೇಕು. ಹೆಸರು ಹೇಳದಿದ್ದರೆ ಹೊಡೆದದ್ದು ಸಲ್ಲದು. ಹಾಗೆ ಬಿದ್ದ ಕಾಯಿ ಆ ಆಟಕ್ಕಷ್ಟೇ ಅಲ್ಲ, ಇನ್ನು ಯಾವ ಆಟಕ್ಕೂ ಬರುವಂತಿಲ್ಲ. ಅದನ್ನು ಮನೆಯ ಗೋಡೆಗೂಡಿನಲ್ಲಿಟ್ಟು, ಹೊಸ ಕಾಯಿ ತಂದು ಹೊಸ ಹೆಸರಿಟ್ಟುಕೊಳ್ಳಬೇಕು.

ಊರಿಗೆ ಊರೇ ಆ ಆಟಕ್ಕೆ ಬಿತ್ತು. ಕೆಲವರು ಅಣ್ಣತಮ್ಮಂದಿರ ಹೆಸರಿಟ್ಟರು, ಕೆಲವರು ದೇವರ ಹೆಸರಿಟ್ಟು ಆಮೇಲೆ ಪೇಚಾಡಿದರು. ಒಬ್ಬಾಕೆ ಒಂದು ಕಾಯಿಗೆ ಅತ್ತೆಯ ಹೆಸರಿಟ್ಟು ಮೊದಲ ನಡೆಯಲ್ಲೇ ಶತ್ರುವಿನ ಬಾಯಿಗೆ ದೂಡಿದಳಂತೆ. ಅತ್ತೆಗೆ ಗೊತ್ತಾಗಿ ಅವರೂ ಒಂದು ಮಣೆ ತರಿಸಿಕೊಂಡರಂತೆ. ಅದು ಅವರ ಮನೆಯ ವಿಷಯ, ನಮಗೆ ಬೇಡ.

ಈ ಊರಿನಲ್ಲಿ ಹತ್ತು ವರ್ಷ ಒಂದೇ ಸಮನೆ ಸೋತವನು ಸುಣ್ಣ ಸುಡುವ ಹೊನ್ನಯ್ಯ. ದಡ್ಡನೇನಲ್ಲ. ಆಟ ಬಂದ ವರ್ಷವೇ ಅವನ ಹೆಂಡತಿ ಚಿಕ್ಕತಾಯಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹೊನ್ನಯ್ಯ ಒಂದು ಕಾಯಿಗೆ ಅವಳ ಹೆಸರಿಟ್ಟ, ಯಾರ ಹೊಡೆತವೂ ತಾಗದ ಹಾಗೆ ಮಣೆಯ ಮೂಲೆಯ ಮನೆಯಲ್ಲಿ ಕೂರಿಸಿದ, ಅಲ್ಲಿಂದ ಅಲುಗಿಸಲೇ ಇಲ್ಲ. ಮಿಕ್ಕವರು ಆರು ಕಾಯಿಯಲ್ಲಿ ಆಡಿದರೆ ಇವನು ಐದರಲ್ಲಿ ಆಡುತ್ತಿದ್ದ. ಅವನ ಸುಣ್ಣದ ಬೆರಳು ತಾಗಿ ತಾಗಿ ಆ ಐದು, ಹೊಸದಾಗಿ ಬಂದವೂ ಸೇರಿ, ಬೆಳ್ಳಗಾಗುತ್ತಿದ್ದವು. ಮೂಲೆಯದು ಮಾತ್ರ ಸಾಕಮ್ಮ ಕೊಟ್ಟ ದಿನದ ಹಾಗೆ ಕೆಂಪಗೇ ಇತ್ತು.

ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ರಾಚಪ್ಪ. ಊರಿನಲ್ಲಿ ಅವನನ್ನು ಸೋಲಿಸಿದವರಿಲ್ಲ. ಚಾವಡಿಯಲ್ಲಿ ಯಾರು ಆಡಲಿ, ಪಕ್ಕದಲ್ಲಿ ನಿಂತು ತಪ್ಪು ತೋರಿಸದಿದ್ದರೆ ಅವನಿಗೆ ಉಂಡನ್ನ ಕರಗುತ್ತಿರಲಿಲ್ಲ.

ನಾಲ್ಕು ವರ್ಷ ಕಳೆಯುವುದರೊಳಗೆ ಊರಿಗೆ ಹೊಸ ಹಸಿವು ಹುಟ್ಟಿತು. "ಸಾಕಮ್ಮಾ, ಇದರ ಮುಂದಿನ ಆಟ ಯಾವಾಗ?" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುವವರು ಹೆಚ್ಚಾದರು. ಬಿದ್ದವರು ಎದ್ದು ಬರುವ ಹಾಗೊಂದು ದಾರಿ ಇಡು ಎಂದು ಗುಟ್ಟಾಗಿ ಬೇಡುವವರೂ ಇದ್ದರು. ಅವಳು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ "ನೋಡೋಣ" ಎನ್ನುತ್ತಿದ್ದಳು. ಒಂದು ಸಂಜೆ ಹೊನ್ನಯ್ಯ ಅವಳ ಜಗಲಿಗೆ ಬಂದು ಕೂತ.

"ಏನು ಹೊನ್ನಣ್ಣ, ಇವತ್ತೂ ಸೋತ್ಯಾ?"

"ಅದೇನು ಹೊಸದಾ ತಾಯಿ. ಒಂದು ಕೇಳ್ಲಾ? ನಿನ್ನ ಹೊಸ ಆಟದಲ್ಲಿ ಅವಳನ್ನ ನಡೆಸೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

"ಈಗಲೂ ನಡೆಸಬಹುದಲ್ಲಣ್ಣ. ಚಿಕ್ಕತಾಯಕ್ಕ ಬದುಕಿದ್ದಾಗ ಒಂದು ಕಡೆ ಕೂತವಳೇನು? ಊರಿಗೆಲ್ಲ ಅವಳ ದನಿ ಕೇಳ್ತಿತ್ತು. ಹತ್ತು ಮನೆ ಸುತ್ತದೆ ಇದ್ರೆ ಅವಳಿಗೆ ನಿದ್ದೆ ಬರ್ತಿರಲಿಲ್ಲ. ಅಂಥವಳನ್ನ ಮೂಲೆಗೆ ಕೂರಿಸಿದೀಯ."

"ಗೊತ್ತು. ದಿನಾ ಬೈತಾಳೆ ಅನ್ಸುತ್ತೆ." ಹೊನ್ನಯ್ಯ ತನ್ನ ಅಂಗೈ ನೋಡಿಕೊಂಡ. "ಆದ್ರೆ ಒಂದು ಸಲ ಕಳ್ಕೊಂಡಿದೀನಿ ಸಾಕಮ್ಮ. ಯಾರೋ ಎದುರು ಕೂತು 'ಚಿಕ್ಕತಾಯಿ ಬಿದ್ದಳು' ಅಂದ್ರೆ ನನ್ನ ಕೈಲಿ ಕೇಳೋಕಾಗಲ್ಲ."

ಮಾರನೆಯ ದಿನ ಸಾಕಮ್ಮ ನೀರಿಗೆ ಹೋದಾಗ ಬಾವಿಕಟ್ಟೆಯಲ್ಲಿ "ಎರಡನೇ ಆಟ ಮಾಡ್ತಿದೀನಿ" ಎಂದು ಹೇಳಿದಳು. ಹೇಳಬಾರದಿತ್ತು.

ಊರಿನವರಿಗೆ ಅಂದಿನಿಂದ ಬೇರೆ ಕೆಲಸವೇ ಇಲ್ಲವಾಯಿತು. ಸಾಕಮ್ಮ ಬೆಳಿಗ್ಗೆ ಗುಡಿಸಿ ಹಿತ್ತಿಲಿಗೆ ಹಾಕುವ ಮರದ ಹೊಟ್ಟನ್ನು ನೋಡಲು ಜನ ಬೇಲಿಯ ಬಳಿ ಸೇರತೊಡಗಿದರು. ಹೊಟ್ಟು ಕೆಂಪಗಿದ್ದರೆ ಕುದುರೆ ಎಂದರು, ನುಣ್ಣಗಿದ್ದರೆ ಬಿಲ್ಲುಗಾರ ಎಂದರು. ಒಂದು ದಿನ ಗೇಣುದ್ದದ ದಪ್ಪ ಸುರುಳಿಗಳು ಬಿದ್ದಿದ್ದವು. ರಾಚಪ್ಪ ಒಂದು ಸುರುಳಿಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಆನೆ" ಎಂದ. ಅಷ್ಟೇ ಸಾಕಾಯಿತು. ಅವಳು ಆ ದಿನ ಮಾಡಿದ್ದು ಎದುರುಮನೆಯವರ ಮಗಳ ಮದುವೆಗೆ ದೊಡ್ಡ ಲಟ್ಟಣಿಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವರು ಕೂಸಿಗೆ ಮದುವೆಯನ್ನೇ ನಿಶ್ಚಯ ಮಾಡಿದರು. ಆನೆ ಎಷ್ಟು ಮನೆ ನಡೆಯಬೇಕು, ಅಡ್ಡಡ್ಡ ಹೋಗಬಹುದೇ, ಬಾಗಿಲನ್ನು ಒಡೆಯಬಹುದೇ ಎಂದು ಚಾವಡಿಯಲ್ಲಿ ಎರಡು ಪಂಗಡವಾಯಿತು. ಒಂದು ಪಂಗಡದವರು ಇನ್ನೊಂದು ಪಂಗಡದ ಮನೆಯ ಊಟಕ್ಕೆ ಹೋಗುವುದನ್ನು ಬಿಟ್ಟರು. ರಾಚಪ್ಪ ಪ್ರತಿ ಸೋಮವಾರ ಆನೆಯನ್ನು ಎದುರಿಸುವ ಬಗೆಯನ್ನು ಹೇಳಿಕೊಡತೊಡಗಿದ. ಸೌತೆಕಾಯಿ ತುಂಡನ್ನು ಆನೆ ಎಂದು ಮಣೆಯ ಮೇಲಿಟ್ಟು ಕಲಿತರು. ಅದರಲ್ಲಿ ನಿಪುಣರೂ ಆದರು.

ಅರಮನೆಯಿಂದ ಒಬ್ಬ ಅಧಿಕಾರಿಯೂ ಬಂದ. "ನಮ್ಮ ಕಾರ್ಖಾನೆಗೆ ಬಂದುಬಿಡಮ್ಮ. ನೂರು ಜನ ಕೆಲಸದವರನ್ನು ಕೊಡುತ್ತೇವೆ. ಎರಡು ತಿಂಗಳಲ್ಲಿ ಮುಗಿಯುತ್ತದೆ" ಎಂದ.

"ನೂರು ಜನ ಬಂದರೆ ಅವರಿಗೆ ಕೆಲಸ ಹೇಳೋದೇ ನನ್ನ ಕೆಲಸ ಆಗುತ್ತೆ ಸ್ವಾಮಿ. ಆಟ ಮಾಡೋರು ಯಾರು?" ಎಂದು ಸಾಕಮ್ಮ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಆರು ವರ್ಷವಾಯಿತು. ಒಂದು ಸರದಿಗೆ ಅರ್ಧ ದಿನ ಕಾಯುವ ತಾಳ್ಮೆಯನ್ನು ಆ ಆಟದಿಂದಲೇ ಕಲಿತ ಜನ, ಆಟಕ್ಕಾಗಿ ಕಾಯಲಾರದೆ ಅವಳಿಗೆ ಸೋಮಾರಿ ಎಂದು ಹೆಸರಿಟ್ಟರು. ಕೊನೆಗೊಂದು ಬೆಳಿಗ್ಗೆ ಸಾಕಮ್ಮ ಹೊಸ ಮಣೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಾವಡಿಗೆ ತಂದಿಟ್ಟಳು. ಅದೇ ಅಳತೆ, ಅಷ್ಟೇ ಮನೆ, ಆರಾರೇ ಕಾಯಿ. ಜನ ಮಣೆಯ ಅಡಿಯನ್ನೂ ಮಗುಚಿ ನೋಡಿದರು.

"ಆನೆ ಎಲ್ಲಿ?" ಎಂದ ರಾಚಪ್ಪ.

"ಯಾವ ಆನೆ?"

"ಆನೆ ತೆಗೆದುಹಾಕಿದಾಳೆ ಕಣ್ರೋ!" ಎಂದು ಯಾರೋ ಹಿಂದಿನಿಂದ ಕೂಗಿದರು.

ಸಾಕಮ್ಮನಿಗೆ ಏನೂ ಅರ್ಥವಾಗಲಿಲ್ಲ. ಗದ್ದಲ ನಿಲ್ಲುವವರೆಗೆ ಕಾದು, ಹೊಸ ಕಟ್ಟಳೆಯನ್ನು ವಿವರಿಸಿದಳು. ಇದರಲ್ಲಿ ಬಿದ್ದ ಕಾಯಿ ಬಿದ್ದ ಮನೆಯಲ್ಲೇ ಮಲಗಿರುತ್ತದೆ. ನಿಮ್ಮ ಇನ್ನೊಂದು ಕಾಯಿ ಅದರ ಪಕ್ಕಕ್ಕೆ ಹೋಗಿ, ಒಂದು ಸರದಿ ಬಿಟ್ಟುಕೊಟ್ಟರೆ, ಅದನ್ನು ಎತ್ತಿಕೊಂಡು ನಿಮ್ಮ ಬಾಗಿಲಿಗೆ ತರಬಹುದು. ತಂದ ಕಾಯಿ ಮತ್ತೆ ಆಡಬಹುದು. ಬದಲಾದದ್ದು ಅಷ್ಟೇ.

"ಇದೇನಮ್ಮ, ಯುದ್ಧವೋ ಆಸ್ಪತ್ರೆಯೋ?" ಎಂದ ರಾಚಪ್ಪ. ಚಾವಡಿ ಬಿದ್ದು ಬಿದ್ದು ನಕ್ಕಿತು. ಅವನಿಗೆ ಉತ್ಸಾಹ ಬಂತು. "ಬಿದ್ದವರು ಬಿದ್ದರು ಅಂತಿದ್ದುದಕ್ಕೇ ಆ ಆಟಕ್ಕೆ ಖಾರ ಇತ್ತು. ಎದ್ದು ಬರೋದಾದ್ರೆ ಹೆದರಿಕೆ ಎಲ್ಲಿ? ಹೆದರಿಕೆ ಇಲ್ಲದ ಆಟ ಉಪ್ಪಿಲ್ಲದ ಸಾರು. ಸಪ್ಪೆ!"

ಮಧ್ಯಾಹ್ನದ ಊಟದ ಹೊತ್ತಿಗೆ "ಸಪ್ಪೆ" ಎಂಬ ಮಾತು ಊರಿನ ಆಚೆ ತುದಿ ಮುಟ್ಟಿತ್ತು. ಒಂದು ಆಟವನ್ನೂ ಆಡದವರು ಎಲ್ಲರಿಗಿಂತ ಖಚಿತವಾಗಿ ಹೇಳುತ್ತಿದ್ದರು. ಬಿದ್ದವರು ಎದ್ದು ಬರಲಿ ಎಂದು ಅವಳನ್ನು ಹಿಂದೆ ಬೇಡಿಕೊಂಡವರೂ ಅವರಲ್ಲಿದ್ದರು. ಸಾಕಮ್ಮ ಮಣೆಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಒಲೆ ಹಚ್ಚಲಿಲ್ಲ. ಆರು ವರ್ಷ, ಪಾಪ.

ಸಂಜೆ ಹೊನ್ನಯ್ಯ ಬಂದ. ಕೈಯಲ್ಲಿ ಕೆಂಪು ಕಾಯಿ ಇತ್ತು. "ನನಗೆ ಹೇಳ್ಕೊಡು" ಎಂದ.

ಜಗಲಿಯಲ್ಲಿ ಇಬ್ಬರೂ ಆಡಿದರು. ಹೊನ್ನಯ್ಯ ಹತ್ತು ವರ್ಷಗಳಲ್ಲಿ ಮೊದಲ ಸಲ ಚಿಕ್ಕತಾಯಿಯನ್ನು ಒಂದು ಮನೆ ಮುಂದಿಟ್ಟ. ಇಟ್ಟು ಕೈ ತೆಗೆಯಲು ಅವನಿಗೆ ಎಷ್ಟೋ ಹೊತ್ತು ಹಿಡಿಯಿತು. ನಾಲ್ಕನೆಯ ನಡೆಗೆ ಸಾಕಮ್ಮ ಅವಳನ್ನು ಹೊಡೆಯಬೇಕಾಗಿ ಬಂತು. "ಚಿಕ್ಕತಾಯಿ ಬಿದ್ದಳು" ಎಂದು ಆದಷ್ಟು ಮೆತ್ತಗೆ ಹೇಳಿದಳು. ಹೊನ್ನಯ್ಯನ ಮುಖ ಅವನ ಸುಣ್ಣದ ಬಣ್ಣಕ್ಕೇ ತಿರುಗಿತು. ಆಮೇಲೆ ಎರಡು ಸರದಿ ಖರ್ಚು ಮಾಡಿ ಇನ್ನೊಂದು ಕಾಯಿಯನ್ನು ಅವಳ ಪಕ್ಕಕ್ಕೆ ತಂದ, ಮೂರನೆಯ ಸರದಿಯಲ್ಲಿ ಎತ್ತಿಕೊಂಡ. ಆಟ ಸೋತ. ಸೋತದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಮೂರು ತಿಂಗಳು ದಿನವೂ ಆಡಿದರು. ಕೆಂಪು ಕಾಯಿ ಉಳಿದವುಗಳಷ್ಟೇ ಬೆಳ್ಳಗಾಯಿತು. ಊರಿನಲ್ಲಿ ಬೇರೆ ಯಾರೂ ಆ ಆಟದ ತಂಟೆಗೆ ಬರಲಿಲ್ಲ. ಒಂದು ದಿನ ಹೊನ್ನಯ್ಯ ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು, "ನಾಳೆ ಚಾವಡಿಗೆ ಹೋಗ್ತೀನಿ. ಹಳೇ ಮಣೆ ಮೇಲೆ ಆಡ್ತೀನಿ" ಎಂದ.

"ಅಲ್ಲಿ ಎತ್ತಿಕೊಳ್ಳೋಕಾಗಲ್ಲ ಹೊನ್ನಣ್ಣ."

"ಗೊತ್ತು. ಆದ್ರೆ ಅವಳಿಗೆ ಜನ ಬೇಕು ಸಾಕಮ್ಮ. ಇಲ್ಲಿ ನಾವಿಬ್ರೇ. ಇದೂ ಒಂದು ಮೂಲೆನೇ ಆಯ್ತಲ್ಲ."

ಸಾಕಮ್ಮ ಜಗಲಿಯ ಮೇಲೆ ಉಳಿದಿದ್ದ ಒಂದು ಕಾಯಿಯನ್ನು ಎತ್ತಿ ಅವನ ಚೀಲಕ್ಕೆ ಹಾಕಿದಳು.

ಮಾರನೆಯ ದಿನ ಚಾವಡಿಯಲ್ಲಿ ರಾಚಪ್ಪನೇ ಎದುರು ಕೂತ. ಹೊನ್ನಯ್ಯ ಎರಡನೆಯ ನಡೆಗೇ ಮೂಲೆಯ ಕಾಯಿಗೆ ಕೈಹಾಕಿದ್ದನ್ನು ಕಂಡು, ಎಲೆಯಡಿಕೆ ಜಗಿಯುತ್ತಿದ್ದವರು ಜಗಿಯುವುದನ್ನು ನಿಲ್ಲಿಸಿದರು. ಸುದ್ದಿ ಹಬ್ಬಿ ನಲವತ್ತು ಜನ ಸೇರಿದರು, ಸಾಕಮ್ಮನೂ ಬಂದು ನಿಂತಳು. ಚಿಕ್ಕತಾಯಿ ಒಂದೊಂದೇ ಮನೆ ಮುಂದೆ ನಡೆದಳು. ಇಬ್ಬರ ನಡುವೆ ನುಸುಳಿದಳು. ಆರು ಕಾಯಿಯಲ್ಲಿ ಆಡುವ ಹೊನ್ನಯ್ಯನನ್ನು ಊರು ಅದುವರೆಗೆ ನೋಡಿಯೇ ಇರಲಿಲ್ಲ. ರಾಚಪ್ಪನ ಹಣೆಯಲ್ಲಿ ಬೆವರು ಕಾಣಿಸಿತು.

ಆಗ ಹೊನ್ನಯ್ಯ ತಪ್ಪಿದ. ಬಾಗಿಲಿಗೆ ಎರಡೇ ಮನೆ ಇರುವಾಗ ಚಿಕ್ಕತಾಯಿಯನ್ನು ತೆಗೆದುಕೊಂಡು ಹೋಗಿ ರಾಚಪ್ಪನ ಕಾಯಿಯ ನೇರ ಎದುರಿಗೆ ಇಟ್ಟುಬಿಟ್ಟ. ಇಟ್ಟ ಮೇಲೆ ಅವನಿಗೂ ಕಂಡಿತು. ನಲವತ್ತು ಜನಕ್ಕೂ ಕಂಡಿತು. ಆಟ ಬಾರದ ಕೂಸೂ ಹೊಡೆಯಬಹುದಾದ ಹೊಡೆತ ಅದು.

ರಾಚಪ್ಪ ಕೈ ಎತ್ತಿದ. ಹೆಸರು ಹೇಳಬೇಕಲ್ಲ, ಬಾಯಿ ತೆರೆದ. ಎದುರು ಕೂತವನ ಮುಖ ನೋಡಿದ. ಬಾಯಿ ಹಾಗೇ ತೆರೆದಿತ್ತು, ಹೆಸರು ಹೊರಡಲಿಲ್ಲ. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಮಣೆಯ ಆ ಬದಿಗೆ ಹೋಗಿ, ಯಾವುದೋ ಬೇಡದ ಕಾಯಿಯನ್ನು ಒಂದು ಮನೆ ಸರಿಸಿತು.

"ಯಾಕಯ್ಯ ಹೊಡೀಲಿಲ್ಲ?" ಎಂದ ಹೊನ್ನಯ್ಯ. "ಕರುಣೆ ತೋರಿಸ್ತೀಯಾ? ಹೊಡಿ. ಅವಳು ಅಂಥದ್ದಕ್ಕೆಲ್ಲ ಒಪ್ಪೋಳಲ್ಲ."

"ಏನನ್ನ ಹೊಡೀಲಿ ಹೊನ್ನಣ್ಣ?" ರಾಚಪ್ಪ ಮಣೆಯಿಂದ ಕಣ್ಣೆತ್ತಲಿಲ್ಲ. "ನನಗೇನೂ ಕಾಣ್ಲಿಲ್ಲ."

ಊರಿನಲ್ಲಿ ಯಾರ ತಪ್ಪು ನಡೆಯನ್ನೂ ಇಪ್ಪತ್ತು ಮಾರು ದೂರದಿಂದ ಕಾಣುವವನು ಅವನು. ಹೊನ್ನಯ್ಯ ಸುತ್ತ ನಿಂತವರನ್ನು ನೋಡಿದ. "ನಿಮಗೂ ಕಾಣ್ಲಿಲ್ವಾ?"

ಒಬ್ಬ ಚಾವಡಿಯ ತೊಲೆ ನೋಡಿದ. ಇನ್ನೊಬ್ಬ ಕಾಲಿನ ಮುಳ್ಳು ತೆಗೆಯತೊಡಗಿದ. "ವಯಸ್ಸಾಯ್ತಪ್ಪ, ಮಂಜು ಮಂಜು" ಎಂದಳು ಒಬ್ಬ ಅಜ್ಜಿ. ಆಕೆ ಸೂಜಿಗೆ ತಾನೇ ದಾರ ಪೋಣಿಸುವಾಕೆ. ನಲವತ್ತು ಜನಕ್ಕೂ ಒಟ್ಟಿಗೆ ಕಣ್ಣು ಹೋಗಿತ್ತು.

"ಸಾಕಮ್ಮ, ನೀನು ಹೇಳು. ಆಟ ಕಟ್ಟಿದವಳು ನೀನು."

ಸಾಕಮ್ಮ ಬಗ್ಗಿ ಮಣೆಯನ್ನು ಚೆನ್ನಾಗಿ ನೋಡಿದಳು. "ನಾನೂ ಗಮನಿಸಲಿಲ್ಲ ಕಣಣ್ಣ" ಎಂದಳು. "ಈಗ ನಿನ್ನ ಸರದಿ."

ಹೊನ್ನಯ್ಯ ಅತ್ತ. ಎಲ್ಲರ ಎದುರೇ, ಹತ್ತು ವರ್ಷದ್ದನ್ನು ಒಟ್ಟಿಗೆ ಅತ್ತ. ಯಾರೂ ಅವಸರಪಡಿಸಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಚಿಕ್ಕತಾಯಿಯನ್ನು ಎತ್ತಿ ಬಾಗಿಲಿಗೆ ಮುಟ್ಟಿಸಿದ.

ಮುಂದಿನ ವಾರ ಬೇರೆ ಯಾರದೋ ತಂದೆಯ ಹೆಸರಿನ ಕಾಯಿ ಅಪಾಯಕ್ಕೆ ಸಿಕ್ಕಿತು, ಎದುರಿನವನಿಗೆ ಕಾಣಲಿಲ್ಲ. ಅದಾದ ಮೇಲೆ ಒಂದು ತಂಗಿಯ ಕಾಯಿ. ಆಮೇಲಾಮೇಲೆ ಬಿದ್ದವರನ್ನೇ ಯಾರೋ ಸದ್ದಿಲ್ಲದೆ ಎತ್ತಿ ತಮ್ಮ ಬಾಗಿಲಿಗೆ ತಂದರು, ಎದುರಿನವರು ಆ ಹೊತ್ತಿಗೆ ಸರಿಯಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಈಗಲೂ ನೀವು ಆ ಊರಿಗೆ ಹೋದರೆ ಚಾವಡಿಯಲ್ಲಿ ಹಳೆಯ ಮಣೆಯೇ ಕಾಣುತ್ತದೆ. ಸಾಕಮ್ಮನ ಎರಡನೇ ಆಟ ಹೇಗಿದೆ ಎಂದು ಕೇಳಿನೋಡಿ. "ಅಯ್ಯೋ, ಸಪ್ಪೆ. ಅದನ್ನ ಇಲ್ಲಿ ಯಾರೂ ಆಡೋದಿಲ್ಲ" ಎನ್ನುತ್ತಾನೆ ರಾಚಪ್ಪ, ಹಳೆಯ ಮಣೆಯ ಮೇಲೆ ಬಿದ್ದ ತನ್ನ ಕಾಯಿಯನ್ನು ಎತ್ತಿಕೊಳ್ಳುತ್ತಾ.