ಮೂಸಾಳಿ

"ಕೈ ಹಾಕೇ, ಮೊಣಕೈವರೆಗೂ ಹಾಕು. ನಿನಗೇನು ಇದು ಹೊಸದಾ?"

ಬಚ್ಚಲಮನೆಯ ಬಾಗಿಲಲ್ಲಿ ನಿಂತು ಮೇಡಂ ಗದರಿದರು. ಒಳಗೆ ಚೂಟಿ ಮೊಣಕಾಲೂರಿ ಕೂತು, ನೀರು ಹೋಗುವ ತೂತಿಗೆ ಬಲಗೈ ಇಳಿಸಿದ್ದಳು. ಕೂದಲಿನ ಗಂಟು, ಸೋಪಿನ ಲೋಳೆ, ಮೇಡಂ ಯಜಮಾನರು ಗಡ್ಡ ಹೆರೆದು ಬಿಟ್ಟ ಹೊಟ್ಟು, ಎಲ್ಲ ಸೇರಿ ಒಂದು ಹಗ್ಗವಾಗಿ ಬೆರಳಿಗೆ ಸುತ್ತಿಕೊಂಡಿತು. ಎಳೆದಷ್ಟೂ ಬರುತ್ತಿತ್ತು.

"ಹೊಸದೇ ಮೇಡಂ. ನಾನು ಯಾವತ್ತೂ ಮಾಡಿಲ್ಲ."

"ಸುಮ್ನಿರೇ. ಕೊಳಾಯಿ ರಿಪೇರಿಯವನನ್ನ ಕರೆಸೋಣ ಅಂದ್ರೆ ಈ ದೇಶದಲ್ಲಿ ಅವನು ಸೋಫಾ ಮೇಲೆ ನಮ್ಮ ಸಮಕ್ಕೆ ಕೂತು ಕಾಫಿ ಕೇಳ್ತಾನೆ. ನಂಗೆ ಅದೆಲ್ಲ ಆಗಲ್ಲಪ್ಪ. ನೀನಾದ್ರೆ ನಮ್ಮವಳು."

ನಮ್ಮವಳು ಎಂಬ ಮಾತಿಗೆ ಮೋರಿಯವರೆಗೂ ವ್ಯಾಪ್ತಿ ಇದೆ ಎಂದು ಚೂಟಿಗೆ ಗೊತ್ತಿರಲಿಲ್ಲ. ಅವಳು ಹೇಳಿದ್ದಂತೂ ಸುಳ್ಳಲ್ಲ. ಅವಳವ್ವ ಮೂವತ್ತು ವರ್ಷದಿಂದ ಊರಿನ ಬೀದಿ ಗುಡಿಸಿ ಮೋರಿ ಬಳಿಯುವವಳು. ಮಗಳು ಮನೆಯೊಳಗೆ ಪೊರಕೆ ಮುಟ್ಟಿದರೂ ಬೆರಳ ಗೆಣ್ಣಿಗೆ ಒಂದು ಬಿಡುತ್ತಿದ್ದಳು. ಬಾಯಿ ಜೋರು, ಬುದ್ಧಿ ಚುರುಕು ಎಂದು ಬೀದಿಯವರು ಚೂಟಿ ಎಂದು ಕರೆದ ಆ ಮಗಳು ಸ್ಕಾಲರ್‌ಶಿಪ್ಪು ಗಿಟ್ಟಿಸಿ, ವಿಮಾನ ಹತ್ತಿ, ಪರದೇಶದ ವಿಶ್ವವಿದ್ಯಾಲಯ ಸೇರಿ, ಹುಟ್ಟಿದ ಮೇಲೆ ಮೊದಲ ಸಲ ಮೋರಿಗೆ ಕೈ ಹಾಕಿದ್ದು ತನ್ನ ಸಂಶೋಧನೆಯ ಗೈಡ್ ಮನೆಯಲ್ಲಿ.

ಆ ಗೈಡ್ ಸಣ್ಣ ಆಸಾಮಿಯಲ್ಲ. ಮೋರಿ ಬಳಿಯುವವರ ಬದುಕಿನ ಬಗ್ಗೆ ಆ ದೇಶದಲ್ಲಿ ಯಾರು ಏನೇ ಬರೆದರೂ ಮೊದಲ ಸಾಲಿನಲ್ಲಿ ಮೇಡಂ ಹೆಸರು ಹಾಕಬೇಕು. ಹಾಕದಿದ್ದರೆ ಮೇಡಂ ಕಾಗದ ಬರೆದು ಕೇಳುತ್ತಾರೆ.

ಚೂಟಿಗೆ ಬೇಕಾಗಿದ್ದದ್ದು ಅವರ ಒಂದು ಸಹಿ. ಇವಳ ಓದು ಸರಿಯಾಗಿ ನಡೆಯುತ್ತಿದೆ ಎಂದು ಗೈಡ್ ವರ್ಷಕ್ಕೊಮ್ಮೆ ಬರೆದುಕೊಟ್ಟರೆ ಮಾತ್ರ ವೀಸಾ ಮುಂದುವರಿಯುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಆ ಕಾಗದ ಎರಡು ತಿಂಗಳಿಂದ ಮೇಡಂ ಮೇಜಿನ ಮೇಲೆ ಬಿದ್ದಿತ್ತು. ಕೇಳಿದಾಗಲೆಲ್ಲ ಒಂದೊಂದು ಕೆಲಸ ಹುಟ್ಟಿಕೊಂಡಿತು: ಕಪಾಟು ಒರೆಸು, ಅತಿಥಿಗಳ ತಟ್ಟೆ ತೊಳೆ, ನಾಯಿಗೆ ಸ್ನಾನ ಮಾಡಿಸು. ನಾಯಿಯ ಟವೆಲಿಗೆ ಬೇರೆ ಗೂಟ, ಚೂಟಿಯ ಲೋಟಕ್ಕೆ ಬೇರೆ ಗೂಡು. ಕಾಗದ ಕೊಡಲು ಇವತ್ತು ಸಂಜೆಯೇ ಕೊನೆ.

"ಸಹಿ, ಮೇಡಂ..."

"ಮಧ್ಯಾಹ್ನ ಸಭೆ ಇದೆಯಲ್ಲ, ಅದು ಮುಗೀಲಿ. ನೀನು ಚೆನ್ನಾಗಿ ಮಾತಾಡು, ಅಲ್ಲೇ ಹಾಕಿಕೊಡ್ತೀನಿ," ಅಂದರು ಮೇಡಂ. "ಕೈ ಡೆಟಾಲಲ್ಲಿ ತೊಳ್ಕೋ. ಆ ಟವೆಲ್ ಮುಟ್ಟಬೇಡ."

ಸಭೆ ಮೇಡಂ ಪುಸ್ತಕಕ್ಕೆ ಹತ್ತು ವರ್ಷ ತುಂಬಿದ್ದಕ್ಕೆ. ಪುಸ್ತಕದ ಹೆಸರು 'ಮೂಸಾಳಿ'.

ಹದಿಮೂರು ವರ್ಷದ ಹಿಂದೆ ಮೇಡಂ ಚೂಟಿಯ ಬೀದಿಗೆ ಬಂದಿದ್ದರು. ಮೂಗಿಗೆ ಕರ್ಚೀಫು, ಕೈಯಲ್ಲಿ ನೋಟುಪುಸ್ತಕ. ಹೆಂಗಸರು ಮೋರಿಯಿಂದ ಹೂಳೆತ್ತಿ ದಡಕ್ಕೆ ಹಾಕುತ್ತಿದ್ದಾಗ ಇವರು ಮಾರು ದೂರದಲ್ಲಿ ನಿಂತು, "ಈ ಕೆಲಸದವರನ್ನ ನಿಮ್ಮ ನಿಮ್ಮಲ್ಲಿ ಏನಂತ ಕರೀತೀರಿ?" ಎಂದು ಕೇಳಿದರು. ಅವ್ವ ಸಲಿಕೆ ಊರಿ ನಿಂತು, ಆ ಕರ್ಚೀಫನ್ನೇ ನೆಟ್ಟಗೆ ನೋಡಿ, "ಮೂಸಾಳಿ" ಅಂದಳು. ಉಳಿದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೇಡಂ ಅದನ್ನೂ ಬರೆದುಕೊಂಡರು. ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಪುಸ್ತಕದ ನಾಲ್ಕನೇ ಪುಟದಲ್ಲಿದೆ.

ಸದಾ ಮಾತಾಡುವವನು ಮಾತಾಳಿ. ಕಂಡಲ್ಲೆಲ್ಲ ಮೂಸುತ್ತ ತಿರುಗುವವಳು ಮೂಸಾಳಿ. ಬೀದಿಯವರು ಆ ಹೆಸರು ಇಟ್ಟದ್ದು ಮೇಸ್ತ್ರಿಗೆ, ಹೆಲ್ತ್ ಇನ್ಸ್‌ಪೆಕ್ಟರಿಗೆ, ಫೋಟೊ ಹಿಡಿಯಲು ಬರುವವರಿಗೆ, ಒಟ್ಟಿನಲ್ಲಿ ಕೈ ಹಾಕದೆ ಮೂಗು ಮಾತ್ರ ತೂರಿಸುವ ಕುಲಕ್ಕೆ. ಮೇಡಂ ಅದನ್ನು ಹೊತ್ತೊಯ್ದು, ಲೋಕವನ್ನು ವಾಸನೆಯಿಂದಲೇ ಅರಿಯುವ ಶೋಷಿತ ಜೀವ ಎಂದು ಇನ್ನೂರ ಎಂಬತ್ತು ಪುಟ ಬರೆದರು. ಆ ಪುಸ್ತಕದಿಂದ ಕೆಲಸ ಬಂತು, ಕುರ್ಚಿ ಬಂತು, ಬಚ್ಚಲು ಕಟ್ಟಿಕೊಳ್ಳುವ ಈ ದೊಡ್ಡ ಮನೆಯೂ ಬಂತು. ಈಗ ಅಲ್ಲಿನ ಪಂಡಿತರೆಲ್ಲ ಕಣ್ಣು ಅರೆಮುಚ್ಚಿ, ನಾಲಿಗೆ ಹೊರಳದೆ, ಮೂಸಾಲಿ ಮೂಸಾಲಿ ಎನ್ನುತ್ತ ತಿರುಗುತ್ತಾರೆ.

ಚೂಟಿ ತನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಿಜವಾದ ಅರ್ಥ ಬರೆದಿದ್ದಳು. ಮೇಡಂ ಇಡೀ ಪುಟಕ್ಕೆ ಕೆಂಪು ಗೀರು ಎಳೆದರು.

"ಇದಕ್ಕೆ ಆಧಾರ ಏನು?"

"ನಮ್ಮವ್ವ ಹೇಳಿದ್ದು, ಮೇಡಂ."

"ನಿಮ್ಮಮ್ಮ ಹೇಳಿದ್ದೆಲ್ಲ ಆಧಾರ ಆಗಲ್ಲ ಕಣೇ. ಈ ಪದದ ಬಗ್ಗೆ ಆಧಾರ ಅಂದ್ರೆ ನನ್ನ ಪುಸ್ತಕ."

"ನಿಮ್ಮ ಪುಸ್ತಕಕ್ಕೆ ಹೇಳಿದ್ದೂ ನಮ್ಮವ್ವನೇ."

"ಅದು ಹೇಳಿಕೆ. ನಾನು ಬರೆದ ಮೇಲೆ ಜ್ಞಾನ ಆಯ್ತು. ವ್ಯತ್ಯಾಸ ತಿಳ್ಕೋ."

ಆ ಭಾನುವಾರ ಚೂಟಿ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವ್ವ ನಕ್ಕು ನಕ್ಕು ಕೆಮ್ಮಿದಳು.

"ಅಯ್ಯೋ, ಪುಸ್ತಕಾನೇ ಬರೆದುಬಿಟ್ಟಳಾ ಮುಂಡೇದು! ನಾನು ಬೈದಿದ್ದು ಅವಳನ್ನೇ ಕಣೇ. ಇನ್ನೂ ಒಂದು ಬೈಗುಳ ನಾಲಿಗೆ ತುದೀಲಿತ್ತು, ಹೆಣ್ಣುಮಗಳು ಅಂತ ಬಿಟ್ಟೆ. ಅದನ್ನ ಅಂದಿದ್ರೆ ಏನ್ ಬರೀತಿದ್ಲೋ ಹಲ್ಕಾ!" ಆಮೇಲೆ ದನಿ ತಗ್ಗಿಸಿದಳು. "ನೀನು ಮಾತ್ರ ಬಾಯಿ ಬಿಡಬೇಡ ಮಗಾ. ಸಹಿ ಬೀಳೋವರೆಗೂ ಅವಳು ಹೇಳಿದ್ದೇ ಸರಿ ಅನ್ನು. ನಾನು ಎಷ್ಟು ಜನ ಮೇಸ್ತ್ರಿಗಳಿಗೆ ಅಂದಿಲ್ಲ?"

ಆಗಲಿ ಎಂದು ಚೂಟಿ ಒಪ್ಪಿಕೊಂಡಿದ್ದಳು.

ಸಭೆಗೆ ಹೋಗುವಾಗ ಕಾರಿನಲ್ಲಿ ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಈ ಜೀನ್ಸ್ ಯಾಕೆ ಹಾಕ್ಕೊಂಡೆ? ನೋಡಿದ್ರೆ ಕಾಲೇಜು ಹುಡುಗಿ ಥರ ಇದ್ದೀಯ."

"ಕಾಲೇಜು ಹುಡುಗಿನೇ ಮೇಡಂ."

"ಬಾಯಿಗೇನೂ ಕಮ್ಮಿ ಇಲ್ಲ. ನೋಡು, ಅಲ್ಲಿ ನಮ್ಮ ಭಾಷೇಲೇ ಮಾತಾಡು. ಅವರ ಭಾಷೇನ ನೀನು ಸಲೀಸಾಗಿ ಆಡಿಬಿಟ್ರೆ ಯಾರಿಗೂ ಅಯ್ಯೋ ಪಾಪ ಅನ್ಸಲ್ಲ. ಒಂದೊಂದೇ ವಾಕ್ಯ ಹೇಳು, ಅನುವಾದ ನಾನು ಮಾಡ್ತೀನಿ."

ಸಭಾಂಗಣ ತುಂಬಿತ್ತು. ವಿಭಾಗದ ಮುಖ್ಯಸ್ಥರು, ಹೊರಗಿನಿಂದ ಬಂದ ಪಂಡಿತರು ಎಲ್ಲ ಮುಂದಿನ ಸಾಲಿನಲ್ಲಿ, ತಲೆ ಒಂದು ಕಡೆಗೆ ವಾಲಿಸಿಕೊಂಡು, ಮರುಗಲು ಸಿದ್ಧರಾಗಿ ಕೂತಿದ್ದರು. ಮೇಡಂ ಒಂದು ಗಂಟೆ ಮಾತಾಡಿದರು. ಕೊನೆಗೆ ಚೂಟಿಯ ಬೆನ್ನ ಮೇಲೆ, ಬಟ್ಟೆಗೆ ತಾಗಿಯೂ ತಾಗದ ಹಾಗೆ ಕೈಯಿಟ್ಟು, "ಇವಳು ಮೂಸಾಳಿಯ ಮಗಳು" ಎಂದು ಪರಿಚಯ ಮಾಡಿಕೊಟ್ಟರು. ಚಪ್ಪಾಳೆ ಬಿತ್ತು. ಮೇಡಂ ಫೈಲಿನ ಮೇಲ್ಗಡೆಯೇ ಆ ಕಾಗದ ಕಾಣುತ್ತಿತ್ತು.

ಚೂಟಿ ಮೈಕಿನ ಮುಂದೆ ನಿಂತಳು. "ನಮ್ಮವ್ವ ಬೀದಿ ಗುಡಿಸ್ತಾಳೆ," ಅಂದಳು.

ಮೇಡಂ ಅನುವಾದ ಮಾಡಿದರು. ಮೂರು ಪದಕ್ಕೆ ಮೂವತ್ತು ಪದ ಹುಟ್ಟಿತು. ನನ್ನ ತಾಯಿ ಶತಮಾನಗಳ ಗಾಯವನ್ನು ಹೊತ್ತು ನಡೆಯುತ್ತಾಳೆ ಎಂದೇನೋ ಇತ್ತು. ಮುಂದಿನ ಸಾಲು ನಿಟ್ಟುಸಿರು ಬಿಟ್ಟಿತು.

"ಮಳೆ ಬಂದ್ರೂ ರಜೆ ಕೊಡಲ್ಲ."

ಮಳೆಯ ವಾಸನೆಯಲ್ಲಿ ಅವಳು ತನ್ನ ಹಿರಿಯರನ್ನು ಕಾಣುತ್ತಾಳೆ, ಅಂದರು ಮೇಡಂ. ಒಬ್ಬ ಪಂಡಿತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ರಜೆ ಕೇಳಿದರೆ ಹಿರಿಯರು ಸಿಕ್ಕಿದರಲ್ಲ ಎಂದು ಚೂಟಿಗೆ ನಗು ಬಂತು. ತುಟಿ ಕಚ್ಚಿಕೊಂಡಳು. ಇನ್ನೆರಡು ವಾಕ್ಯ ಹೇಳಿದರೆ ಸಹಿ.

"ನಮ್ಮವ್ವ ಬಾಯ್ತುಂಬ ನಗ್ತಾಳೆ. ಬೈಯೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ."

ಮೇಡಂ ಕಣ್ಣು ಮುಚ್ಚಿ, ದನಿ ನಡುಗಿಸಿ ಹೇಳಿದರು: ನನ್ನ ತಾಯಿ ನಗುವುದನ್ನೇ ಮರೆತಿದ್ದಾಳೆ. ಅವಳಿಗೆ ಮಾತಿಲ್ಲ.

ಮೋರಿಗೆ ಕೈ ಹಾಕಿಸಿದಾಗ ಚೂಟಿ ತಡೆದುಕೊಂಡಿದ್ದಳು. ಬೇರೆ ಲೋಟ ಕೊಟ್ಟಾಗ ತಡೆದುಕೊಂಡಿದ್ದಳು. ಇದು ತಡೆಯಲಾಗಲಿಲ್ಲ. ತನ್ನ ಕಣ್ಣೆದುರಿಗೇ, ತನ್ನ ಬಾಯಿಂದಲೇ, ಅವ್ವನ ನಾಲಿಗೆ ಕಿತ್ತು ಇವರ ತಟ್ಟೆಗೆ ಬಡಿಸಿದ ಹಾಗಾಯಿತು.

ಅವರ ಭಾಷೆಯಲ್ಲಿ, ಮೇಡಂಗಿಂತ ಸಲೀಸಾಗಿ, ಹೇಳಿದಳು.

"ನಮ್ಮವ್ವನಿಗೆ ಮಾತಿದೆ. ಈ ಪುಸ್ತಕದ ಹೆಸರು ಅವಳ ಮಾತೇ. ಮೂಸಾಳಿ ಎಂದರೆ ಮೋರಿ ಬಳಿಯುವವಳಲ್ಲ. ಮೋರಿ ಬಳಿಯುವವರ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಿಂತು, ಅವರನ್ನು ಮೂಸಿ ಹೋಗುವವಳು. ಅದು ಬೈಗುಳ. ಮೇಡಂ ಮುಖ ನೋಡಿಕೊಂಡೇ ನಮ್ಮವ್ವ ಬೈದಳು. ಮೇಡಂ ಬರೆದುಕೊಂಡರು. ಹತ್ತು ವರ್ಷದಿಂದ ನೀವು ಓದುತ್ತಿದ್ದೀರಿ."

ಹಿಂದಿನ ಬಾಗಿಲ ಹತ್ತಿರ, ಸಭೆ ಮುಗಿದರೆ ನೆಲ ಒರೆಸೋಣ ಎಂದು ಕಾಯುತ್ತಿದ್ದ ಕೆಲಸದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು.

ಮೇಡಂ ಮುಖದ ಮೇಲಿನ ನಗುವನ್ನು ಹಾಗೇ ಇಟ್ಟುಕೊಂಡು ಚೂಟಿಯ ಕಿವಿಗೆ ಬಗ್ಗಿದರು. ನಮ್ಮ ಭಾಷೆಯಲ್ಲಿ, ಹಲ್ಲು ಕಚ್ಚಿಕೊಂಡೇ ಅಂದರು:

"ಮೋರಿ ಬಳಿಯೋಳ ಮಗಳೇ, ನಿಮ್ಮಂಥೋರನ್ನ ತಂದು ನಮ್ಮ ಸಮಕ್ಕೆ ಕೂರಿಸಿದ್ದು ನನ್ನ ತಪ್ಪು. ಎಲ್ಲಿಗೆ ಬಂದ್ರೂ ಕೊಳಕು ರಕ್ತ ಬಿಡಲ್ಲ. ಸಹಿ ಮರೆತುಬಿಡು. ನಾಳೇನೇ ವಿಮಾನ ಹತ್ತು."

ಚೂಟಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇಷ್ಟು ಹೊತ್ತು ಮೇಡಂ ನನ್ನ ಮಾತು ಅನುವಾದ ಮಾಡಿದರು. ಈಗ ಅವರ ಮಾತು ನಾನು ಮಾಡುತ್ತೇನೆ," ಎಂದು ಸಭೆಗೆ ಹೇಳಿದಳು. ಹೇಳಿ, ಮಾಡಿದಳು. ಮೋರಿಗೆ ಮೋರಿ ಅಂದಳು, ಕೊಳಕು ರಕ್ತಕ್ಕೆ ಕೊಳಕು ರಕ್ತ ಅಂದಳು. ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ. ಮುಖ್ಯಸ್ಥರ ಪೆನ್ನು ನೋಟುಪುಸ್ತಕದ ಮೇಲೆ ನಿಂತುಹೋಯಿತು.

"ಸಾಕು, ನಿಲ್ಲಿಸು!" ಅಂದರು ಮೇಡಂ.

"ಸಾಕು ನಿಲ್ಲಿಸು ಎನ್ನುತ್ತಿದ್ದಾರೆ," ಅಂದಳು ಚೂಟಿ ಸಭೆಗೆ.

"ಬಾಯಿ ಮುಚ್ಚೇ ಮುಂಡೆ!"

"ಬಾಯಿ ಮುಚ್ಚು ಎನ್ನುತ್ತಿದ್ದಾರೆ. ಕೊನೆಯ ಪದಕ್ಕೆ ನಿಮ್ಮ ಭಾಷೆಯಲ್ಲಿ ಸಮನಾದದ್ದು ಇಲ್ಲ. ಬೇಕಾದರೆ ಮೇಡಂ ಅದರ ಮೇಲೂ ಒಂದು ಪುಸ್ತಕ ಬರೆಯುತ್ತಾರೆ."

ಆಮೇಲೆ ಮೇಡಂ ಕಡೆ ತಿರುಗಿ ನಿಂತು, ನಮ್ಮ ಭಾಷೆಯಲ್ಲಿ, ವಿನಯವಾಗಿ ಕೇಳಿದಳು:

"ಹೂಂ ಮೇಡಂ, ಮುಂದೆ?"