ಅಂಟುಪಟ್ಟಿ

ಮೊದಲೇ ಕ್ಷಮೆ ಕೇಳಬೇಕು. ಇದನ್ನು ಹೇಳುವ ಹಕ್ಕು ಶಾಲೆಯ ಆ ಕೊನೆಯ ಕೋಣೆಯಲ್ಲಿ ದುಡಿದವರದ್ದು. ಹೊರಗೆ ನಿಂತು ನೋಡಿದವರು ಬಾಯಿ ಹಾಕಬಾರದು. ಆದರೆ ದುಡಿದವರೆಲ್ಲ ಬಿಟ್ಟು ಹೋಗಿದ್ದಾರೆ. ಹೇಳಲು ಉಳಿದವರು ಯಾರೂ ಇಲ್ಲ.

“ನಮ್ಮಲ್ಲಿ ಸಂಬಳ ಕಡಿಮೆ, ಸಮಾಧಾನ ಜಾಸ್ತಿ,” ಎಂದು ಅವನು ಕನ್ನಡಿಗೆ ಹೇಳಿದ. ಅರ್ಧ ಕೆನ್ನೆಯಲ್ಲಿ ಇನ್ನೂ ನೊರೆ ಇತ್ತು. ಕನ್ನಡಿ ನಂಬಿದ ಹಾಗೆ ಕಂಡಿತು.

“ಇವತ್ತು ಯಾರಿಗೆ ಬಲೆ?” ಹೆಂಡತಿ ಒಳಗಿನಿಂದ ಕೇಳಿದಳು.

“ಒಬ್ಬಳು ಬರ್ತಾಳೆ. ವಿಶೇಷ ಶಿಕ್ಷಣದಲ್ಲೇ ಓದಿರೋಳು. ಬಿಡಬಾರದು.”

“ದೊಡ್ಡ ಆಫೀಸಿನವರಿಗೆ ಸಂಜೆಯೊಳಗೆ ಹೇಳ್ಬೇಕಲ್ಲ, ಅದೇನಾಯ್ತು?”

“ನೋಡೋಣ.”

“ನಿಮ್ಮ ‘ನೋಡೋಣ’ ನಂಗೊತ್ತಿಲ್ವಾ? ಮನೆ ಬದಲಾಯಿಸುವಾಗ್ಲೂ ಹಾಗೇ ಅಂದ್ರಿ. ಮಾರನೇ ದಿನ ಲಾರಿ ಬಾಗಿಲಲ್ಲಿ ನಿಂತಿತ್ತು.”

ಅವನು ನೊರೆ ತೊಳೆದುಕೊಂಡ.

ಅವನು ಮುಖ್ಯೋಪಾಧ್ಯಾಯ. ಮಾತು ಬಾರದ, ಬಂದರೂ ಆಡದ ಮಕ್ಕಳ ಶಾಲೆ ಅದು. ಅಲ್ಲಿಗೆ ತರಬೇತಿ ಪಡೆದ ಶಿಕ್ಷಕರನ್ನು ತರುವುದು ಕಷ್ಟ. ತಂದವರನ್ನು ಇಟ್ಟುಕೊಳ್ಳುವುದು ಅಂಗೈಯಲ್ಲಿ ನೀರು ಹಿಡಿದ ಹಾಗೆ. ಆದರೂ ಅವನಿಗೆ ಅದು ಒಲಿದಿತ್ತು. ಹೊರಟು ನಿಂತವರನ್ನು ಇನ್ನೊಂದು ವರ್ಷ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ‘ಗೋಂದು ಸರ್’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಅವನು ಕೇಳಿಸದವನಂತೆ ನಡೆದುಹೋಗಿದ್ದ, ಸ್ವಲ್ಪ ಎದೆಯುಬ್ಬಿಸಿಕೊಂಡೇ.

ಇಂಥ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಆಫೀಸು ಕರೆದದ್ದೂ ಅದಕ್ಕೇ. ಎಲ್ಲ ಶಾಲೆಗಳಿಗೂ ಹೋಗಿ, ಶಿಕ್ಷಕರನ್ನು ಉಳಿಸಿಕೊಳ್ಳುವುದು ಹೇಗೆಂದು ಹೇಳಿಕೊಡುವ ಹುದ್ದೆ. ಅದಕ್ಕಾಗಿ ಅವನು ಈ ಶಾಲೆಯನ್ನು ಬಿಡಬೇಕಿತ್ತು.

ಶಾಲೆಯ ಪ್ರತಿ ಕೋಣೆಯ ಗೋಡೆಗೂ ಉದ್ದನೆಯ ಅಂಟುಪಟ್ಟಿ, ಕಿತ್ತು ಮತ್ತೆ ಅಂಟಿಸಬಹುದಾದ ವೆಲ್ಕ್ರೋ ಜುಂಗಿನ ಬಟ್ಟೆ, ಬಡಿದಿತ್ತು. ಅದರ ಮೇಲೆ ದಿನದ ಕೆಲಸಗಳ ಚಿತ್ರಗಳು ಸಾಲಾಗಿ: ಕೈ ತೊಳೆಯುವುದು, ಮಣಿ ಪೋಣಿಸುವುದು, ಊಟ, ಮನೆ. ಒಂದೊಂದು ಮುಗಿದ ಹಾಗೆ ಮಗುವೇ ಚಿತ್ರವನ್ನು ಕಿತ್ತು ಕೆಳಗಿನ ಕೆಂಪು ಡಬ್ಬಿಗೆ ಹಾಕಬೇಕು. ಡಬ್ಬಿಗೆ ಬಿದ್ದದ್ದು ಮುಗಿಯಿತು, ಮತ್ತೆ ಕೇಳುವಂತಿಲ್ಲ. ಸಾಲಿನ ತುದಿಯಲ್ಲಿ ಆ ಕೋಣೆಯ ಟೀಚರ ಫೋಟೋ. ಎಲ್ಲಕ್ಕಿಂತ ಮೇಲೆ ಅವನದ್ದೇ ಫೋಟೋ. ಟೀಚರುಗಳು ಬದಲಾಗುತ್ತಿದ್ದುದರಿಂದ, ಬದಲಾಗದ ಮುಖವೊಂದು ಇರಲಿ ಎಂದು ಅವನೇ ಎಲ್ಲ ಕೋಣೆಗಳಲ್ಲೂ ಅಂಟಿಸಿದ್ದ.

ಇನ್ನೊಂದು ನಿಯಮವೂ ಅವನದ್ದೇ. ಕೆಲಸ ಬಿಡುವ ಟೀಚರು ಹೇಳದೆ ಕೇಳದೆ ಮಾಯವಾಗಬಾರದು. ಕೊನೆಯ ದಿನ ಮಕ್ಕಳೆದುರು ತನ್ನ ಫೋಟೋ ತಾನೇ ಕಿತ್ತು ಒಂದು ಮಗುವಿನ ಕೈಯಿಂದ ಡಬ್ಬಿಗೆ ಹಾಕಿಸಬೇಕು. ಇದನ್ನು ನೋಡಲು ಬೇರೆ ಶಾಲೆಗಳವರು ಬಂದಿದ್ದರು, ತಲೆದೂಗಿದ್ದರು.

ಇವತ್ತು ಕೊನೆಯ ಕೋಣೆಯ ಟೀಚರ ಸರದಿ. ಸೋಮವಾರದೊಳಗೆ ಅಲ್ಲಿಗೆ ಅರ್ಹ ಶಿಕ್ಷಕಿ ಬಾರದಿದ್ದರೆ ಕೋಣೆಗೆ ಬೀಗ, ಮಕ್ಕಳು ಮನೆಗೆ. ಬೇರೆ ಶಾಲೆಗಳು ಸೇರಿಸಿಕೊಳ್ಳದೆ ಕಳಿಸಿದವರೇ ಆ ಕೋಣೆಯಲ್ಲಿದ್ದದ್ದು.

“ಇನ್ನೊಂದು ವರ್ಷ ಇರ್ತೀನಿ ಅಂದಿದ್ರಿ,” ಎಂದ, ಅವಳು ಕಪಾಟಿನ ಕೀಲಿ ಮೇಜಿನ ಮೇಲಿಟ್ಟಾಗ.

“ಹೋದ ವರ್ಷ ಅಂದಿದ್ದೆ ಸರ್.”

“ಕಾರಣ?”

“ಬೆನ್ನುನೋವು ಅಂತ ಬರ್ಕೊಳ್ಳಿ.”

“ನಿಜವಾದ್ದು?”

“ಬೆನ್ನೂ ನಿಜವೇ.” ಅವಳು ಕಿಟಕಿಯ ಕಡೆ ನೋಡಿದಳು. “ಸಹಾಯಕ್ಕೆ ಒಬ್ಬರು ಬೇಕು ಅಂತ ಬಂದೆ. ನೀವು ನನ್ನ ತಾಳ್ಮೆ ಹೊಗಳಿದ್ರಿ. ಮತ್ತೆ ಬಂದೆ, ಮತ್ತೆ ಹೊಗಳಿದ್ರಿ. ಗೋಡೆ ಪಟ್ಟಿ ಸವೆದಿದೆ, ಬದಲಾಯಿಸಿ ಅಂದ್ರೂ ಹೊಗಳಿಕೆಯೇ. ನನ್ನ ಫೋಟೋನ ಟೇಪು ಹಾಕಿ ನಿಲ್ಸಿದೀನಿ.”

“ನಿಮ್ಮಂಥವರು ಸಿಗಲ್ಲ, ಅದಕ್ಕೇ…”

“ನೋಡಿ, ಮತ್ತೆ,” ಎಂದು ಅವಳು ನಕ್ಕಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಉಪಾಯ ಹೊಳೆಯುತ್ತಿತ್ತು.

ಪರವಾಗಿಲ್ಲ ಎಂದುಕೊಂಡ. ಹೊಸಬಳು ಬರುತ್ತಾಳೆ. ಸಂಜೆ ಕಾಲೇಜಿನಲ್ಲಿ ಓದಿ, ಹಗಲು ಗುಮಾಸ್ತಿಕೆ ಮಾಡಿ, ಮಾತೊಂದನ್ನೇ ಬಂಡವಾಳ ಮಾಡಿಕೊಂಡು ಈ ಕುರ್ಚಿಗೆ ಬಂದವನು ತಾನು. ಮಾತು ಇವತ್ತೇನೂ ಕೈಕೊಡುವುದಿಲ್ಲ.

ಕೈಕೊಡಲಿಲ್ಲ. ಹೊಸಬಳು ಮಡಚಿದ ಛತ್ರಿಯನ್ನು ಮಡಿಲಲ್ಲಿಟ್ಟುಕೊಂಡು ಅವನ ಮಾತನ್ನೆಲ್ಲ ಕೇಳಿದಳು. ಸಮಾಧಾನದ ಮಾತಿಗೆ ಕಣ್ಣರಳಿಸಲಿಲ್ಲ, ಸಂಬಳದ ಮಾತಿಗೆ ಹುಬ್ಬು ಗಂಟಿಕ್ಕಲೂ ಇಲ್ಲ.

“ನನಗಿಂತ ಮುಂಚಿನವರು ಯಾಕೆ ಹೋಗ್ತಿದಾರೆ?”

“ಬೆನ್ನುನೋವು.”

“ನೀವು?”

“ನಾನೇನು?”

“ನೀವೆಷ್ಟು ದಿನ ಇರ್ತೀರಿ? ತಪ್ಪು ತಿಳ್ಕೋಬೇಡಿ ಸರ್. ಹೋದ ಶಾಲೆಯಲ್ಲಿ ನನ್ನ ಕರ್ಕೊಂಡವರೇ ನಾನು ಸೇರಿದ ಮೇಲೆ ಹೊರಟುಹೋದ್ರು. ಮೊದಲು ಹೇಳಿದ್ದು ಯಾವುದೂ ಆಮೇಲೆ ಯಾರಿಗೂ ಗೊತ್ತೇ ಇರಲಿಲ್ಲ. ಅದಕ್ಕೇ ಈಗ ಕೆಲಸ ಎಂಥದ್ದು ಅಂತ ಕೇಳಲ್ಲ. ಜೊತೆಗೆ ಯಾರಿರ್ತಾರೆ ಅಂತ ಕೇಳ್ತೀನಿ.”

ಅವನು ಕುರ್ಚಿಗೆ ಒರಗಿದ. ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ತೆರೆದುಕೊಂಡಿತ್ತು.

“ನನ್ನನ್ನ ಇಲ್ಲಿಂದ ಎಬ್ಬಿಸ್ಬೇಕಾದ್ರೆ ಕ್ರೇನ್ ತರಿಸ್ಬೇಕಮ್ಮ.”

ಅವಳು ಮೊದಲ ಸಲ ನಕ್ಕಳು. “ಹಾಗಾದ್ರೆ ಸೋಮವಾರ ಬರ್ತೀನಿ.”

ಸುಳ್ಳು ಹೇಳಿದೆನೆಂದು ಅವನಿಗೆ ಅನ್ನಿಸಲಿಲ್ಲ. ಅದು ತನ್ನ ಮಾತೆಂದೂ ಅನ್ನಿಸಲಿಲ್ಲ. ಕೋಣೆಯಲ್ಲಿ ಮೂರನೆಯವನೊಬ್ಬ ಕೂತಿದ್ದ ಹಾಗಿತ್ತು. ನುರಿತವನು, ಎಂದೂ ಸೋಲದವನು. ಹೇಳಿದ್ದು ಅವನು, ಗೆದ್ದದ್ದೂ ಅವನೇ. ತಾನು ಬರೀ ಕೈಕುಲುಕಿದ.

ಅವಳ ಫೋಟೋ ತೆಗೆದು, ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಹಿಂದೆ ಅಂಟುಪಟ್ಟಿಯ ಚೂರು ಹಚ್ಚಿದ. ಇನ್ನೂ ಬೆಚ್ಚಗಿತ್ತು. ಹಗುರಾದ ಹೆಜ್ಜೆಯಲ್ಲಿ ಕೊನೆಯ ಕೋಣೆಗೆ ಹೊರಟ. ಪಡಸಾಲೆಯಲ್ಲಿ ನೆಲ ಒರೆಸುತ್ತಿದ್ದ ಆಯಾ ಅವನ ಕೈಯನ್ನು ನೋಡಿ, “ಸಿಕ್ಕಿದ್ರಾ ಸಾರ್? ಚೆನ್ನಾಗಿ ಅಂಟ್ಸಿ,” ಎಂದಳು. ಅವನೂ ನಕ್ಕ.

ದಿನ ಮುಗಿಯುವ ಹೊತ್ತು. ಗೋಡೆಯ ಮೇಲೆ ‘ಮನೆ’ ಚಿತ್ರ ಬಿಟ್ಟರೆ ಮುಖಗಳೆರಡೇ ಉಳಿದಿದ್ದವು. ಮಕ್ಕಳು ಚೀಲ ಹಾಕಿಕೊಂಡು ಕೂತಿದ್ದರು. ಅವರಲ್ಲೊಬ್ಬಳು ಹುಡುಗಿ, ಕುರ್ಚಿ ಒಂದಿಂಚು ಓರೆಯಾದರೂ ಎದ್ದು ನೇರ ಮಾಡುವವಳು. ಅದಕ್ಕೇ ಎಲ್ಲರಿಗೂ ಅವಳು ‘ದೊರೆಸಾನಿ’. ಯಾರ ಮುಖವನ್ನೂ ನೆಟ್ಟು ನೋಡಿದವಳಲ್ಲ. ಮಾತಂತೂ ಒಂದೂ ಇಲ್ಲ.

ಟೀಚರು ಉಗುರಿನಿಂದ ಟೇಪು ಬಿಡಿಸಿ ತನ್ನ ಫೋಟೋವನ್ನು ದೊರೆಸಾನಿಯ ಕೈಗೆ ಕೊಟ್ಟಳು. “ಟೀಚರ್ ಮುಗೀತು ಪುಟ್ಟಿ,” ಎಂದಳು. ಹುಡುಗಿ ಅದನ್ನು ನೋಡದೆ ಡಬ್ಬಿಗೆ ಹಾಕಿದಳು. ‘ಮನೆ’ ಚಿತ್ರವನ್ನೂ ಹಾಕಿದಳು. ಅಳು ಇಲ್ಲ, ರಂಪ ಇಲ್ಲ. ಬಾಗಿಲಲ್ಲಿ ನಿಂತಿದ್ದ ಅವನಿಗೆ ಹೆಮ್ಮೆಯಾಯಿತು. ಹೊಸ ಕೆಲಸದಲ್ಲಿ ಮೊದಲು ಇದನ್ನೇ ಹೇಳಿಕೊಡಬೇಕು ಎಂದುಕೊಂಡ. ಆಗಲೇ ಗೊತ್ತಾಯಿತು, ತಾನು ಹೊರಟಾಗಿದೆ ಎಂದು.

ದೊರೆಸಾನಿ ಕುರ್ಚಿ ಎಳೆದಳು. ಗೋಡೆಗೆ ನೇರವಾಗಿ ಇಟ್ಟಳು. ಹತ್ತಿದಳು.

ಅವನ ಫೋಟೋವನ್ನು ಯಾರೂ ಎಂದೂ ಕಿತ್ತಿರಲಿಲ್ಲ. ಅದು ಸುಲಭಕ್ಕೆ ಬರಲಿಲ್ಲ. ಅವಳು ಎರಡೂ ಕೈಯಿಂದ ಎಳೆದಳು. ಚರ್ರೆಂದು ಬಂತು.

“ಅದಲ್ಲ ಪುಟ್ಟಿ,” ಎಂದಳು ಟೀಚರು. “ಅವರು ಇರ್ತಾರೆ. ಅಲ್ವಾ ಸರ್?”

“ಹೂಂ,” ಎಂದ ಅವನು.

ಹುಡುಗಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಕುರ್ಚಿಯನ್ನು ಅದರ ಜಾಗಕ್ಕೆ ಒಯ್ದಿಟ್ಟಳು. ಹೊರಗೆ ವ್ಯಾನು ಹಾರ್ನ್ ಹಾಕಿತು. ಟೀಚರು ಮಕ್ಕಳ ಕೈಹಿಡಿದು ಹೊರಟಳು. ಅವನ ಪಕ್ಕ ಹಾದುಹೋಗುವಾಗ ಖಾಲಿ ಗೋಡೆಯನ್ನೂ ಅವನನ್ನೂ ಒಮ್ಮೆ ನೋಡಿದಳು.

ಅವನೊಬ್ಬನೇ ಉಳಿದ. ಗೋಡೆ ಖಾಲಿಯಾಗಿತ್ತು. ಸೋಮವಾರ ಮಕ್ಕಳು ಬಂದಾಗ ಒಂದು ಮುಖವಾದರೂ ಇರಬೇಕು. ಹೊಸಬಳ ಫೋಟೋವನ್ನು ಟೀಚರ ಜಾಗಕ್ಕೆ ಒತ್ತಿ ಕೈತೆಗೆದ. ಅದು ನಿಧಾನವಾಗಿ ಜಾರಿ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು. ಎತ್ತಿ ಮತ್ತೆ ಒತ್ತಿದ. ಮತ್ತೆ ಬಿತ್ತು. ಬಗ್ಗಿ ನೋಡಿದ. ಬಂದುಹೋದ ಟೀಚರುಗಳ ಫೋಟೋ ಕಿತ್ತು ಕಿತ್ತು ಆ ಜಾಗದಲ್ಲಿ ಪಟ್ಟಿಯ ಜುಂಗೆಲ್ಲ ಉದುರಿ, ಬೋಳು ಬಟ್ಟೆ ಹೊಳೆಯುತ್ತಿತ್ತು. ತನ್ನ ಜಾಗದಲ್ಲಿ ಮಾತ್ರ ಜುಂಗು ಹೊಸದರಂತೆ ದಟ್ಟವಾಗಿತ್ತು. ಅಲ್ಲಿ ಯಾರನ್ನು ಅಂಟಿಸಿದರೂ ನಿಲ್ಲುತ್ತಿದ್ದರು. ಅವನ ಕೈ ಅಲ್ಲಿಗೆ ಹೋಗಲಿಲ್ಲ.

ಫೋಟೋವನ್ನು ಅದೇ ಬೋಳು ಜಾಗದಲ್ಲಿಟ್ಟು ಹೆಬ್ಬೆರಳಿನಿಂದ ಅದುಮಿ ಹಿಡಿದ. ನಿಂತಿತು. ಹೆಬ್ಬೆರಳಿನ ಕೆಳಗೆ ಹೊಸಬಳು ನಗುತ್ತಿದ್ದಳು, ಕ್ರೇನಿನ ಮಾತಿಗೆ ನಕ್ಕ ಅದೇ ನಗು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ದೊಡ್ಡ ಆಫೀಸು. ಫೋನಿದ್ದದ್ದು ಫೋಟೋ ಅದುಮಿ ಹಿಡಿದ ಕೈಯ ಕಡೆಯ ಜೇಬಿನಲ್ಲಿ.

ಆ ಹುಡುಗಿಗೆ ಏನಾದರೂ ಗೊತ್ತಿತ್ತೋ, ಅಥವಾ ಗೋಡೆಯನ್ನು ಪೂರ್ತಿ ಖಾಲಿ ಮಾಡಬೇಕೆಂದಷ್ಟೇ ಅವಳಿಗೆ ಅನ್ನಿಸಿತೋ, ಗೊತ್ತಿಲ್ಲ. ಅವನು ಗೋಡೆಯಿಂದ ಕೈತೆಗೆದದ್ದು ಯಾವಾಗ ಎಂಬುದೂ ಗೊತ್ತಿಲ್ಲ.